ರೋಬೋಕಾಪ್: 1987ರದ್ದೋ, 2014ರದ್ದೋ? ಒಂದರ ಬೆನ್ನಿಗೆ ಒಂದು ನೋಡಿದ ಮ್ಯಾಲ

ಮೊದಲ ಹೇಳಿಬಿಡ್ತೇನಿ, ಹಳೇ ರೋಬೋಕಾಪ್ ಹೊಸಾದಕ್ಕಿಂತ ಭಾಳ ಛಲೋ ಐತಿ. ಆದ್ರ ಹೊಸಾದನ್ನ ಮಂದಿ ಬೈಯೋ ಹಂಗ ತಗದು ಒಗಿಯೋ ಸಿನಿಮಾ ಅದಲ್ಲ, ಅದರಾಗ ಒಂದು ಸೀನ್ ಐತಿ, ಅಂಥದ್ದು ಹಳೇದರಾಗೂ ಇಲ್ಲ, ಅದರ ಸುದ್ದಿಗೆ ಆಮ್ಯಾಲ ಬರ್ತೇನಿ. ರಿಮೇಕ್ ಅಂದ ಕೂಡ್ಲೆ ನೋಡದನ ಮೂಗು ಮುರಿಯೋರು ಒಂದು ಕಡೆ, ಗ್ರಾಫಿಕ್ಸ್ ಹಳೇದಾತು ಅಂತ 1987ರ ಸಿನಿಮಾ ಹತ್ತು ನಿಮಿಷಕ್ಕ ಬಂದ್ ಮಾಡೋ ಹುಡುಗೂರು ಇನ್ನೊಂದು ಕಡೆ, ಇಬ್ಬರಿಗೂ ಸೇರಿಸೇ ಬರಿಯಾಕತ್ತೇನಿ.

ನಾವು ನೋಡಿದ್ದು ಹುಬ್ಬಳ್ಳಿ ವಿದ್ಯಾನಗರದಾಗ ಗೆಳೆಯನ ಮನಿ ಮ್ಯಾಲಿನ ರೂಮಿನ್ಯಾಗ, ಅಲ್ಲೊಂದು ಪ್ರೊಜೆಕ್ಟರ್ ಐತಿ, ಗ್ವಾಡಿಗೆ ಬಿಳೇ ಬಣ್ಣ ಹೊಡದು ಅದನ್ನ ಪರದೆ ಮಾಡ್ಯಾರ. ಶನಿವಾರ ರಾತ್ರಿ ಹಳೇದು, ರವಿವಾರ ಮಧ್ಯಾಹ್ನ ಹೊಸಾದು. ಗೆಳೆಯನ ಅಣ್ಣ ಇದನ್ನ ವಿಸಿಆರ್ ಕಾಲದಾಗ, ಬಾಡಿಗಿ ಕ್ಯಾಸೆಟ್ಟಿನ್ಯಾಗ ನೋಡಿದಂವ, ಅವನ ಮಗ ಬಿವಿಬಿ ಕಾಲೇಜಿನ್ಯಾಗ ರೋಬೋಟಿಕ್ಸ್ ಓದಾಕತ್ತಾನ, ಅವಂಗ ಹೊಸಾದ ಗೊತ್ತು, ಹಳೇದು ಗೊತ್ತಿಲ್ಲ. ಹಂಗಾಗಿ ಜಗಳ ತಾನ ತಾನಾಗೇ ಹತ್ತಿತು. ಕನ್ನಡ ಡಬ್ಬಿಂಗ್ ಸಿಗಲಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಂಡ ನೋಡಿದ್ವಿ. ಹಳೇದರದ್ದು ಕಟ್ ಆಗದ ಪ್ರಿಂಟ್ ನೋಡ್ರಿ, ಟಿವಿಗಂತ ಕತ್ತರಿ ಹಾಕಿದ್ದು ನೋಡಿದ್ರ ಸಿನಿಮಾನ ನೋಡಿಲ್ಲಂತ ಲೆಕ್ಕ.

ಕತಿ ಎರಡರಾಗೂ ಒಂದ. ಡೆಟ್ರಾಯಿಟ್ ಊರಾಗ ಅಲೆಕ್ಸ್ ಮರ್ಫಿ ಅನ್ನೋ ಪೊಲೀಸ ಸಾಯೋ ಸ್ಥಿತಿಗೆ ಬರ್ತಾನ, ಒಂದು ದೊಡ್ಡ ಕಂಪನಿ ಅವನ ಉಳಿದ ದೇಹ ತಗೊಂಡು ಯಂತ್ರದೊಳಗ ಕೂಡಿಸಿ ಮತ್ತ ರೋಡಿಗೆ ಬಿಡ್ತೈತಿ. ಹಳೇದನ್ನ ಮಾಡಿದಂವ ಪಾಲ್ ವೆರ್ಹೋವನ್, ನೆದರ್ಲೆಂಡ್ಸಿನಂವ, ಮರ್ಫಿ ಪಾರ್ಟ್ ಮಾಡಿದಂವ ಪೀಟರ್ ವೆಲ್ಲರ್. ಹೊಸಾದನ್ನ ಮಾಡಿದಂವ ಜೋಸೆ ಪಡಿಲ್ಯಾ, ಬ್ರೆಜಿಲ್‌ನಂವ, ಮರ್ಫಿ ಆಗ್ಯಾನ ಜೋಯೆಲ್ ಕಿನ್ನಮನ್. ಅಮೆರಿಕಾದ ಪೊಲೀಸನ ಕತಿ ಎರಡೂ ಸಲ ಹೊರಗಿನವರ ಹೇಳ್ಯಾರ, ಇದು ನನಗ ಭಾಳ ಮಹತ್ವದ್ದು ಅನಸ್ತೈತಿ. ವೆರ್ಹೋವನ್ ಹುಟ್ಟಿದ್ದು 1938ರಾಗ, ಸಣ್ಣಂವ ಇದ್ದಾಗ ಹೇಗ್ ಊರಾಗ ಜರ್ಮನ್ ಸೈನ್ಯ ಕುಂತಿತ್ತು, ಬಾಂಬ್ ಬೀಳೋದು, ರೋಡಿನ ಮ್ಯಾಲ ಹೆಣ ಬಿದ್ದಿರೋದು ಕಣ್ಣಾರೆ ನೋಡಿ ಬೆಳದಂವ. ಪಡಿಲ್ಯಾ 2007ರಾಗ ರಿಯೋದ ಪೊಲೀಸ್ ದಳದ ಮ್ಯಾಲ ಎಲೀಟ್ ಸ್ಕ್ವಾಡ್ ಮಾಡಿದಂವ, ಅದಕ್ಕ ಬರ್ಲಿನ್ ಚಿತ್ರೋತ್ಸವದಾಗ ಗೋಲ್ಡನ್ ಬೇರ್ ಪ್ರಶಸ್ತಿ ಸಿಕ್ಕಿತ್ತು. ಅಂದ್ರ ಇಬ್ಬರೂ ಬಂದೂಕು ಹಿಡಿದ ಸರ್ಕಾರ ಹೆಂಗಿರ್ತೈತಿ ಅಂತ ಗೊತ್ತಿದ್ದವರ, ಸುಮ್ಮ ಚೆಕ್ ತಗೊಂಡು ಬಂದವರಲ್ಲ.

ಈಗ ಕೈಯಿಂದ ಶುರು ಮಾಡ್ತೇನಿ, ಹೌದು, ಕೈ, ಯಾಕಂದ್ರ ಎರಡೂ ಸಿನಿಮಾದ ಫರಕು ಆ ಕೈಯಾಗ ಐತಿ.

ಹಳೇದರಾಗ ಮರ್ಫಿ ರೋಬೋಕಾಪ್ ಆಗೋದನ್ನ ನಾವು ಹೊರಗಿಂದ ನೋಡೋದಿಲ್ಲ, ಅವನ ಕಣ್ಣಾಗಿಂದ ನೋಡ್ತೇವಿ. ಪರದೆ ಕರ್ರಗಾಗ್ತೈತಿ, ಗೆರಿ ಗೆರಿ ಬರ್ತಾವು, ಡಾಕ್ಟರ್ ಮಂದಿ ಮಾರಿ ಮುಂದ ಬಗ್ಗಿ ಮಾತಾಡ್ತಾರ, ಮತ್ತ ಆಫ್ ಆಗ್ತೈತಿ, ಮತ್ತ ಆನ್ ಆದಾಗ ಹೊಸ ವರ್ಷದ ಪಾರ್ಟಿ ನಡದೈತಿ. ಅದರ ನಡುವ ಒಬ್ಬಾಕಿ ಖುಷೀಲೆ ಹೇಳ್ತಾಳ, ಒಂದು ಕೈ ಉಳಿಸಿದ್ವಿ ಅಂತ. ಕಂಪನಿಯ ಬಾಬ್ ಮಾರ್ಟನ್ ಅನ್ನಾಂವ ಏನಂತಾನ ಗೊತ್ತೇನ್ರಿ, ಪೂರ್ತಿ ದೇಹ ಯಂತ್ರದ್ದ ಅಂತ ಮಾತಾಗಿತ್ತಲ್ಲ, ಆ ಕೈ ತಗದು ಬಿಡ್ರಿ ಅಂತಾನ. ಅಷ್ಟ. ಜೋರಾಗೂ ಹೇಳೂದಿಲ್ಲ, ಸಿಟ್ಟೂ ಇಲ್ಲ, ಆಫೀಸಿನ್ಯಾಗ ಹಳೇ ಟೇಬಲ್ ತಗಸೋ ದನಿಯಾಗ ಹೇಳ್ತಾನ. ಮಲಗಿದಂವ ಎಲ್ಲಾ ಕೇಳಸ್ಕೋತಿರ್ತಾನ, ಅವನ ಜೋಡಿ ನಾವೂ. ಸರ್ಕಾರಿ ಪೊಲೀಸನ ದೇಹ ಖಾಸಗಿ ಕಂಪನಿಯ ಮಾಲಾತು ಅನ್ನೋದನ್ನ ಒಂದು ಭಾಷಣ ಇಲ್ಲದ ಅರ್ಧ ನಿಮಿಷದಾಗ ಹೇಳಿ ಮುಗಿಸ್ಯಾರ.

ಹೊಸಾದರಾಗ ಬಲಗೈ ಉಳಸ್ಯಾರ. ಪೂರ್ತಿ ಕರೇ ಸೂಟು, ಅದರ ತುದಿಗೆ ಒಂದು ಬೆಳ್ಳನ ಮನುಷ್ಯರ ಅಂಗೈ. ಮೊದಲ ನೋಡಿದಾಗ ಇದು ಯಾಕ ಅನ್ನಿಸ್ತೈತಿ, ಬಂದೂಕು ಹಿಡಿಯೋ ಕೈಯನ್ನ ಯಾರರ ಮೆತ್ತಗ ಬಿಡ್ತಾರೇನು? ಆದ್ರ ಈ ಕಂಪನಿಗೆ ಬೇಕಾಗಿದ್ದು ಆಯುಧ ಅಲ್ಲ, ಮಂದಿ ಒಪ್ಪೋ ಮಾರಿ. 2028ರ ಅಮೆರಿಕಾದಾಗ ಡ್ರೈಫಸ್ ಆಕ್ಟ್ ಅಂತ ಕಾನೂನು ಐತಿ, ಊರೊಳಗ ರೋಬೋಟ್ ಪೊಲೀಸ್ ಇಡಂಗಿಲ್ಲ, ಹಂಗಾಗಿ ಮೈಕಲ್ ಕೀಟನ್ ಮಾಡಿದ ಸಿಇಒ ಸೆಲ್ಲರ್ಸ್‌ಗ ಯಂತ್ರದೊಳಗ ಒಬ್ಬ ಮನುಷ್ಯಾ ಕುಂತಾನ ಅಂತ ತೋರಿಸಬೇಕು. ಆವಾಗ ಕೈ ತಗದವರು, ಈಗ ಕೈ ಉಳಸ್ಯಾರ, ಎರಡೂ ಲಾಭಕ್ಕ. ಇದನ್ನ ನಾ ಹೇಳಿದಾಗ ರೋಬೋಟಿಕ್ಸ್ ಹುಡುಗ ಕುಂತಲ್ಲಿಂದ ಎದ್ದ, ಹೊಸಾದ ಶಾಣ್ಯಾ ಸಿನಿಮಾ ಅಂದ. ಐಡಿಯಾ ಶಾಣ್ಯಾ ಐತಿ, ನಾನೂ ಒಪ್ತೇನಿ.

ಅದರ ಮುಂದಿಂದ ಆ ಸೀನ್. ಮರ್ಫಿಗ ಎಚ್ಚರ ಆಗ್ತೈತಿ, ಅದು ಚೀನಾದಾಗಿನ ಒಂದು ಲ್ಯಾಬ್, ತಪ್ಪಿಸ್ಕೊಂಡು ಭತ್ತದ ಗದ್ದಿಯೊಳಗ ಓಡ್ತಾನ, ಹಿಡದು ತರ್ತಾರ, ಆಮ್ಯಾಲ ನನ್ನ ಒಳಗ ಏನ ಉಳದೈತಿ ತೋರಸ್ರಿ ಅಂತಾನ. ಗ್ಯಾರಿ ಓಲ್ಡ್‌ಮನ್ ಡಾಕ್ಟರ್ ನಾರ್ಟನ್ ಆಗ್ಯಾನ, ಅಂವ ಕನ್ನಡಿ ಮುಂದಿಟ್ಟು ಒಂದೊಂದ ಭಾಗ ಬಿಚ್ಚಸ್ತಾನ. ಕಾಲು ಹೋಗ್ತಾವು, ಎದಿ ಹೋಗ್ತೈತಿ, ಹೊಟ್ಟಿ ಇಲ್ಲ. ಕಡೀಕ ಉಳಿಯೋದು ಒಂದು ಮಾರಿ, ಗಂಟಲು, ಗಾಜಿನ ಹಿಂದ ಉಬ್ಬಿ ಇಳಿಯೋ ಎರಡು ಪುಪ್ಪುಸ, ಹೃದಯ, ಮತ್ತ ಒಂದ ಕಡೆ ಜೋತುಬಿದ್ದ ಆ ಕೈ. ಕಿನ್ನಮನ್ ಕಣ್ಣೀರು ಹಾಕ್ತಾನ, ಆ ಅಳುವಿಗೆ ಪುಪ್ಪುಸ ಜೋರಾಗಿ ಉಬ್ಬತಾವು, ಅದು ಕಾಣಸ್ತೈತಿ. ನನ್ನ ಸಾಯಸ್ರಿ ಅಂತಾನ. ನಮ್ಮ ರೂಮಿನ್ಯಾಗ ಯಾರೂ ಪಿಟ್ ಅನ್ನಲಿಲ್ಲ. ರಕ್ತದ ಹನಿ ಇಲ್ಲ, ಆದ್ರೂ ಹಳೇ ಸಿನಿಮಾದ ಯಾವ ಗುಂಡಿನ ಸೀನಿಗಿಂತಲೂ ಇದು ಗಟ್ಟಿ. ಪಡಿಲ್ಯಾಗ ಈ ಒಂದು ಸೀನಿಗೆ ಪೂರ್ತಿ ಮಾರ್ಕ್ಸ್ ಕೊಡ್ತೇನಿ.

ಅಷ್ಟ ಅಲ್ಲ, ಹೊಸಾದರಾಗ ಇನ್ನೊಂದು ವಿಚಾರ ಐತಿ, ಅದು ಹಳೇದರ ತಲಿಗೂ ಬಂದಿರಲಿಲ್ಲ. ಮರ್ಫಿ ಮನುಷ್ಯಾ ಆಗಿದ್ದಕ್ಕ ಗುಂಡು ಹೊಡಿಯಾಕ ಒಂದು ಕ್ಷಣ ತಡಾ ಮಾಡ್ತಾನ, ಬರೇ ರೋಬೋಟ್ ತಡಾ ಮಾಡೂದಿಲ್ಲ, ಕಂಪನಿಗೆ ಇದು ನಷ್ಟ. ಹಂಗಾಗಿ ನಾರ್ಟನ್ ಒಂದು ಯುಕ್ತಿ ಹೂಡ್ತಾನ, ಫೈಟ್ ಶುರುವಾಗಿ ಕಣ್ಣಿನ ಮ್ಯಾಲಿನ ಮುಚ್ಚಿಗಿ ಕೆಳಗ ಬಂದ ಕೂಡ್ಲೆ ನಿರ್ಧಾರ ಮಾಡೋದು ಸಾಫ್ಟ್‌ವೇರ್, ಆದ್ರ ಮರ್ಫಿ ತಲಿಗೆ ಅನಸೋದು ತಾನ ಮಾಡಾಕತ್ತೇನಿ ಅಂತ. ಹುಡುಗ ಇಲ್ಲಿ ಸಿನಿಮಾ ನಿಲ್ಲಿಸಿ ಅರ್ಧ ತಾಸು ಮಾತಾಡಿದ, ಗಾಡಿ ತಾನ ಓಡಿಸ್ಕೋತ ಡ್ರೈವರ್ ಕೈಯಾಗ ಸ್ಟೇರಿಂಗ್ ಬಿಟ್ಟಂಗ ಮಾಡೋ ಸಿಸ್ಟಮ್ ಈಗ ನಿಜವಾಗ್ಲೂ ಬಂದಾವು, ತಪ್ಪಾದ್ರ ಯಾರ ಮ್ಯಾಲ ಕೇಸ್ ಅಂತ ಕೇಳಿದ. ನಮಗ ಯಾರಿಗೂ ಉತ್ತರ ಹೊಳೀಲಿಲ್ಲ. 2014ರಾಗ ಈ ಪ್ರಶ್ನೆ ಕೇಳಿದ ಆಕ್ಷನ್ ಸಿನಿಮಾ ಇದು, ಆವಾಗ ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ.

ಹಂಗಾದ್ರ ಹಳೇದ ಯಾಕ ಮ್ಯಾಲ?

ಯಾಕಂದ್ರ ಹೊಸಾದು ಪ್ರಶ್ನೆ ಕೇಳ್ತೈತಿ, ಉತ್ತರದ ಹತ್ರ ಬಂದ ಕೂಡ್ಲೆ ಹಿಂದ ಸರೀತೈತಿ. ಪಿಜಿ-13 ರೇಟಿಂಗಿಗೆ ಮಾಡಿದ್ದು ಅದು, ಹದಿಮೂರರ ಹುಡುಗೂರೂ ಟಿಕೆಟ್ ತಗೋಬೇಕು. ಹಳೇದಕ್ಕ ಸೆನ್ಸಾರಿನವರು ಮತ್ತ ಮತ್ತ ಎಕ್ಸ್ ರೇಟಿಂಗ್, ಅಂದ್ರ ಬರೇ ದೊಡ್ಡವರಿಗೆ ಅನ್ನೋದು, ಕೊಟ್ಟು ವಾಪಸ್ ಕಳಿಸಿದ್ರು, ಕತ್ತರಿ ಹಾಕಿ ಹಾಕಿ ಅದಕ್ಕಿಂತ ಒಂದು ಮೆಟ್ಟಲು ಕೆಳಗಿನ ಆರ್ ರೇಟಿಂಗ್ ತಗೊಂಡ್ರು. ಇದು ಬರೇ ರಕ್ತದ ಲೆಕ್ಕ ಅಲ್ರಿ. ಹಳೇದರಾಗ ಬಾಡಿಕರ್ ಅನ್ನೋ ಗ್ಯಾಂಗಿನವರು ಪಾಳು ಬಿದ್ದ ಫ್ಯಾಕ್ಟರಿಯೊಳಗ ಮರ್ಫಿ ಕೈ ಗುಂಡಿನಿಂದ ಹಾರಸ್ತಾರ, ನಕ್ಕೋತ ನಕ್ಕೋತ ಎಲ್ಲಾರೂ ಹೊಡೀತಾರ, ಅದು ಬೇಗ ಮುಗಿಯೂದಿಲ್ಲ. ಮೊದಲ ಸಲ ನೋಡೋರು ಮಾರಿ ತಿರುಗಸ್ತಾರ, ತಿರುಗಿಸ್ಲಿ, ಒಬ್ಬ ಮನುಷ್ಯಾ ಸತ್ತ ಅಂತ ಮೈಗೆ ಹತ್ತಬೇಕಲ್ಲ. ಹೊಸಾದರಾಗ ಮನಿ ಮುಂದ ಕಾರಿನ್ಯಾಗ ಬಾಂಬ್ ಹಾರ್ತೈತಿ, ಒಂದು ಬೆಳಕು, ಒಂದು ಸಪ್ಪಳ, ಮುಗೀತು. ಯಾರು ಮಾಡಿದ್ರು ಅನ್ನೋದೂ ನೆನಪಿರೂದಿಲ್ಲ. ಬಾಡಿಕರ್ ಪಾರ್ಟಿನ ಕರ್ಟ್‌ವುಡ್ ಸ್ಮಿತ್‌ನ ಮಾತ್ರ ಮರಿಯಾಕ ಆಗೂದಿಲ್ಲ, ಚೌಕಟ್ಟಿಲ್ಲದ ಚಾಳೀಸು ಹಾಕ್ಕೊಂಡು ಲೆಕ್ಕದ ಮಾಸ್ತರ ಕಂಡಂಗ ಕಾಣ್ತಾನ, ಸ್ಟೇಷನ್ನಿಗೆ ಎಳಕೊಂಡು ಬಂದಾಗ ಪೊಲೀಸರ ಟೇಬಲ್ ಮ್ಯಾಲ ರಕ್ತ ಉಗುಳಿ ನನಗ ಫೋನ್ ಕೊಡ್ರಿ ಅಂತಾನ, ಅವಂಗ ಗೊತ್ತು ಕಂಪನಿ ತನ್ನ ಹಿಂದ ಐತಿ ಅಂತ.

ಹೊಸಾದರಾಗ ಅಷ್ಟು ಧೈರ್ಯ ಕಂಡಿದ್ದು ಶುರುವಿನ ಟೆಹ್ರಾನ್ ಸೀನಿನ್ಯಾಗ. ಅಮೆರಿಕಾದ ರೋಬೋಟ್‌ಗೋಳು ಓಣಿ ಓಣಿ ಮಂದಿನ್ನ ಕೈ ಎತ್ತಿಸಿ ಸ್ಕ್ಯಾನ್ ಮಾಡ್ತಾವು, ಒಬ್ಬ ಹುಡುಗ ಅಡಿಗಿ ಮನಿ ಚಾಕು ಹಿಡಕೊಂಡು ಹೊರಗ ಬರ್ತಾನ, ಇಡಿ-209 ಅನ್ನೋ ದೊಡ್ಡ ರೋಬೋಟ್ ಅವನ್ನ ಹೊಡದು ಹಾಕ್ತೈತಿ, ಅಷ್ಟರಾಗ ಟಿವಿಯವರು ಲೈವ್ ಕಟ್ ಮಾಡ್ತಾರ. ಸ್ಯಾಮ್ಯುಯೆಲ್ ಜಾಕ್ಸನ್ ಮಾಡಿದ ಆ್ಯಂಕರ್ ನೋವಾಕ್ ಏನೂ ಆಗಿಲ್ಲದವರಂಗ ಮಾತು ಮುಂದುವರಸ್ತಾನ. ಇದು ಗಟ್ಟಿ ಸೀನ್. ಇದ ಸಿನಿಮಾ ಕಡೀತನಕ ಹಿಂಗ ಹೋಗಿದ್ರ ಇವತ್ತು ಹೋಲಿಕಿ ಬ್ಯಾರೆ ಆಗ್ತಿತ್ತು.

ಹಳೇದರ ಇಡಿ-209 ನೋಡಿ ಹುಡುಗ ಮೊದಲ ನಕ್ಕ, ನಕ್ಕಿದ್ದು ಸಹಜ, ಫಿಲ್ ಟಿಪೆಟ್ ಅದನ್ನ ಗೊಂಬಿ ಮಾಡಿ ಒಂದೊಂದು ಫ್ರೇಮಿಗೆ ಸರಿಸಿ ಸರಿಸಿ ತಗದದ್ದು, ನಡಿಗಿ ಕಟಕಟ ಅಂತ ಬರ್ತೈತಿ. ಆದ್ರ ಬೋರ್ಡ್ ರೂಮಿನ ಸೀನ್ ನೋಡ್ರಿ. ಡೆಮೊ ನಡದೈತಿ, ಕಿನ್ನಿ ಅನ್ನೋ ಸಣ್ಣ ಅಧಿಕಾರಿ ಕೈಯಾಗ ಪಿಸ್ತೂಲು ಕೊಟ್ಟು ಯಂತ್ರದ ಕಡೆ ಹಿಡಿ ಅಂತಾರ, ಯಂತ್ರ ಕೆಳಗ ಇಡು ಅಂತೈತಿ, ಅಂವ ಇಡ್ತಾನ, ಯಂತ್ರಕ್ಕ ಅದು ತಿಳಿಯೂದಿಲ್ಲ, ಎಣಿಕಿ ಮುಂದುವರೀತೈತಿ. ಅಂವ ಓಡಿ ಓಡಿ ಉಳಿದವರ ಹಿಂದ ಬರ್ತಾನ, ಅವರು ಅವನ್ನ ನೂಕ್ತಾರ. ಈ ನೂಕೋದು ನೋಡ್ರಿ. ಅಂವ ಸತ್ತ ಮ್ಯಾಲ ಮುದುಕ ಯಜಮಾನ ಬ್ಯಾಸರ ಮಾಡ್ಕೊಳ್ಳೋದು ಪ್ರಾಜೆಕ್ಟ್ ಲೇಟ್ ಆದದ್ದಕ್ಕ. ಸೀನ್ ಮುಗಿಯೋ ಹೊತ್ತಿಗೆ ಹುಡುಗನ ನಗಿ ನಿಂತಿತ್ತು. ಹೊಸಾದರಾಗ ಅದ ಯಂತ್ರಗೋಳು ಕಂಪ್ಯೂಟರಿನ್ಯಾಗ ಮಾಡಿದ್ದು, ನುಣ್ಣಗ ಓಡ್ತಾವು, ಗುಂಪಾಗಿ ಬರ್ತಾವು, ಆದ್ರ ಯಾವುದರ ಮ್ಯಾಲೂ ಅಂಜಿಕಿ ಬರೂದಿಲ್ಲ, ಮರ್ಫಿ ವಿಡಿಯೋ ಗೇಮಿನ ಲೆವೆಲ್ ದಾಟಿದಂಗ ದಾಟಿ ಹೋಗ್ತಾನ.

ಸೂಟಿನ ವಿಷಯ ಬೇಗ ಮುಗಸ್ತೇನಿ. ಹಳೇದು ರಾಬ್ ಬೋಟಿನ್ ಮಾಡಿದ್ದು, ಎಷ್ಟು ದಪ್ಪ ಅಂದ್ರ ವೆಲ್ಲರ್‌ಗ ಪೂರ್ತಿ ಹಾಕ್ಕೊಂಡು ಕಾರಿನ್ಯಾಗ ಕುಂಡ್ರಾಕ ಬರ್ತಿರಲಿಲ್ಲ, ಕಾರಿನ ಶಾಟ್‌ಗೆ ಮ್ಯಾಲಿನ ಅರ್ಧ ಅಷ್ಟ ಹಾಕ್ಕೋತಿದ್ದ. ನಡಿಗಿ ಕಲಿಯಾಕ ಮೋನಿ ಯಾಕಿಮ್ ಅನ್ನೋ ಮೂಕಾಭಿನಯದ ಗುರು ಹತ್ರ ಹೋಗಿದ್ದ, ಅದಕ್ಕ ಅಂವ ಮೊದಲ ತಲಿ ತಿರುಗಸ್ತಾನ, ಆಮ್ಯಾಲ ಮೈ ತಿರುಗಸ್ತಾನ, ನೋಡ್ರಿ, ಇಡೀ ಸಿನಿಮಾದಾಗ ಎಲ್ಲೂ ತಪ್ಪೂದಿಲ್ಲ. ಮಾರಿ ಅರ್ಧ ಮುಚ್ಚಿ, ಬರೇ ಗದ್ದ ತುಟಿಲೆ ನಟನೆ ಮಾಡೋದು ಸಣ್ಣ ಮಾತಲ್ಲ. ಕಿನ್ನಮನ್ ಓಡ್ತಾನ, ಜಿಗೀತಾನ, ಬೈಕ್ ಹೊಡೀತಾನ, ಛಲೋ ಕಾಣ್ತಾನ, ಆದ್ರ ಅವನ ಭಾರ ಎಷ್ಟಂತ ನನಗ ಗೊತ್ತಾಗಲಿಲ್ಲ. ಸಂಗೀತ ಹಳೇದರದ್ದ ಮ್ಯಾಲ, ಬೇಸಿಲ್ ಪೊಲಿಡೂರಿಸ್ ಮಾಡಿದ ಆ ಥೀಮನ್ನ ಹೊಸಾದರವರೂ ಟೈಟಲ್ ಹೊತ್ತಿಗೆ ಒಂಚೂರು ಹಾಕ್ಕೊಂಡಾರ, ಅದ ಸಾಕ್ಷಿ.

ಮನಿ ಮಂದಿ ವಿಷಯಕ್ಕ ನಮ್ಮೊಳಗ ಭಾಳ ಹೊತ್ತು ವಾದ ನಡೀತು. ಹೊಸಾದರಾಗ ಹೆಂಡ್ತಿ ಕ್ಲಾರಾ, ಮಗ, ಇಬ್ಬರೂ ಕತಿಯೊಳಗ ಕಡೀತನಕ ಅದಾರ, ಸಹಿ ಮಾಡಿ ಒಪ್ಪಿಗಿ ಕೊಡೋಕೀನೂ ಆಕಿನ. ಮರ್ಫಿ ತಲ್ಯಾಗ ರಾಸಾಯನಿಕ ಇಳಿಸಿ ಭಾವನೆ ಬತ್ತಿಸಿದ ಮ್ಯಾಲ, ಉದ್ಘಾಟನೆ ದಿನ ಅಂವ ಹೆಂಡ್ತಿ ಮಗನ ಮುಂದ ಹಾದು ಹೋಗ್ತಾನ, ನಿಲ್ಲೂದಿಲ್ಲ, ಗದ್ದಲದಾಗ ಒಬ್ಬ ಅಪರಾಧಿನ್ನ ಹಿಡಿಯಾಕ ನಡೀತಾನ. ಇದು ಕರುಳು ಹಿಂಡೋ ವಿಚಾರ. ಆದ್ರ ಮುಂದ ಹೆಂಡ್ತಿ ಅತ್ತು ಮಾತಾಡಿದ ಮ್ಯಾಲ ಭಾವನೆ ತಾನ ವಾಪಸ್ ಬರ್ತೈತಿ, ಹೆಂಗ ಬಂತು ಅಂತ ಡಾಕ್ಟರಿಗೂ ತಿಳಿಯೂದಿಲ್ಲ, ನಮಗೂ ತಿಳಿಸೂದಿಲ್ಲ.

ಹಳೇದರಾಗ ಹೆಂಡ್ತಿ ಮಗ ಕಾಣೋದ ನೆನಪಿನ್ಯಾಗ. ರೋಬೋಕಾಪ್ ತನ್ನ ಹಳೇ ವಿಳಾಸ ಹುಡುಕ್ಕೊಂಡು ಹೋಗ್ತಾನ, ಮನಿ ಖಾಲಿ, ಮಾರಾಟಕ್ಕಿಟ್ಟಾರ. ಒಳಗ ಒಂದೊಂದು ಕೋಣಿಯಾಗ ಸ್ಕ್ರೀನ್ ಇಟ್ಟಾರ, ಅದರಾಗ ಒಬ್ಬ ಏಜೆಂಟ್ ನಕ್ಕೋತ ಅಡಿಗಿಮನಿ ಹೆಂಗೈತಿ, ಇದು ಹೆಂಗೈತಿ ಅಂತ ವರ್ಣನೆ ಮಾಡ್ತಾನ. ಒಂದು ಕೋಣಿಗೆ ಕಾಲಿಟ್ಟ ಕೂಡ್ಲೆ ಮಗ ಟಿವಿ ಮುಂದ ಕುಂತಿದ್ದು ಹೊಳೀತೈತಿ, ಇನ್ನೊಂದರಾಗ ಹೆಂಡ್ತಿ ಏನೋ ಹೇಳಾಕ ತಿರುಗಿದ್ದು. ಏಜೆಂಟನ ಮಾತು ನಿಲ್ಲೂದಿಲ್ಲ. ಕಡೀಕ ರೋಬೋಕಾಪ್ ಮುಷ್ಟಿಲೆ ಆ ಸ್ಕ್ರೀನ್ ಒಡೀತಾನ. ಇಷ್ಟ. ಅಂವ ಅಳೂದಿಲ್ಲ, ಅಳಾಕ ಬರೂದಿಲ್ಲ. ಗೆಳೆಯನ ಅಣ್ಣ ಈ ಸೀನಿನ್ಯಾಗ, ಮನಿ ಮಂದಿನ್ನ ಇಡೀ ಸಿನಿಮಾ ತೋರಿಸಿದ್ರೂ ಇಷ್ಟು ಹತ್ತಂಗಿಲ್ಲ ಅಂದ, ಅವನ ಮಾತು ನನಗ ಪೂರ್ತಿ ಸರಿ ಅನಸ್ತು. ಹೊಸ ಮರ್ಫಿಗ ತಾನ ಯಾರು ಅಂತ ಮೊದಲಿಂದ ಗೊತ್ತು, ಅದನ್ನ ಅವನಿಂದ ಕಸ್ಕೋತಾರ. ಹಳೇ ಮರ್ಫಿ ತನ್ನನ್ನ ತಾನ ಚೂರು ಚೂರಾಗಿ ಹುಡಿಕ್ಕೋತಾನ, ಅವನ ಜೋಡಿ ನಾವು ಹುಡುಕ್ತೇವಿ. ಹೆಲ್ಮೆಟ್ ಬಿಚ್ಚಿದ ಮ್ಯಾಲ ಗುರಿ ತಪ್ಪಾಕ ಹತ್ತಿದಾಗ, ಜೊತಿ ಪೊಲೀಸ್ ಲೂಯಿಸ್, ಅಂದ್ರ ನ್ಯಾನ್ಸಿ ಅಲೆನ್, ಅವನ ಕೈ ಹಿಡದು ಗುರಿ ಇಡಿಸ್ತಾಳ, ಹೊಡಿಯೋದು ಅವಂಗ ಊಟಕ್ಕಂತ ತಂದ ಮಕ್ಕಳ ಫುಡ್ ಬಾಟ್ಲಿಗೋಳಿಗೆ. ಹೊಸಾದರಾಗ ಲೂಯಿಸ್ ಗಂಡಸಾಗ್ಯಾನ, ಮೈಕಲ್ ಕೆ. ವಿಲಿಯಮ್ಸ್ ಛಲೋ ನಟ, ಆದ್ರ ಅವಂಗ ಇಂಥಾ ಒಂದು ಸೀನೂ ಕೊಟ್ಟಿಲ್ಲ.

ಊರಿನ ಬಗ್ಗೆ ಹೇಳದಿದ್ರ ಆಗೂದಿಲ್ಲ. ಹಳೇದು ಡೆಟ್ರಾಯಿಟ್ ಅಂತ ಹೇಳಿ ಹೆಚ್ಚಿನಂಶ ತಗದದ್ದು ಟೆಕ್ಸಾಸಿನ ಡಲ್ಲಾಸ್‌ನ್ಯಾಗ, ಕಡೀ ಫೈಟಿನ ಉಕ್ಕಿನ ಫ್ಯಾಕ್ಟರಿ ಪೆನ್ಸಿಲ್ವೇನಿಯಾದ ಮೊನೆಸನ್‌ದ್ದು. ಆದ್ರೂ ಕಾರ್ಖಾನಿ ಮುಚ್ಚಿ, ದುಡ್ಡು ಹಾರಿ, ಪೊಲೀಸರು ಸ್ಟ್ರೈಕಿಗೆ ಕುಂತ ಊರು ಅದರಾಗ ಕಾಣಸ್ತೈತಿ, ಜಂಗು ಹಿಡಿದ ವಾಸನಿ ಬರ್ತೈತಿ. ಮುಂದ ಏನಾತು? 2013ರ ಜುಲೈದಾಗ ನಿಜವಾದ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು. ಹೊಸ ಸಿನಿಮಾ ಬಂದದ್ದು 2014ರ ಫೆಬ್ರುವರಿಯಾಗ. ಇಂಥಾ ಹೊತ್ತಿನ್ಯಾಗ ಡೆಟ್ರಾಯಿಟ್ ಅಂತ ಹೆಸರಿಟ್ಟು ಮಾಡಿದ ಸಿನಿಮಾದಾಗ ಊರ ಇಲ್ಲ! ಟೊರಾಂಟೋದಾಗ ತಗದ ಸ್ವಚ್ಛ ರೋಡು, ಗಾಜಿನ ಆಫೀಸು, ಲ್ಯಾಬು. ಇದು ನನಗ ಎಲ್ಲಾಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು. ನಮ್ಮ ಹುಬ್ಬಳ್ಳಿ ಮಂದಿಗೆ ಇದು ಬೇಗ ತಿಳೀತೈತಿ, ಮಿಲ್ ಭೋಂಗಾ ಕೇಳಿ ಎದ್ದು ಕೆಲಸಕ್ಕ ಹೋಗಿದ್ದ ಓಣಿಗೋಳು ಮಿಲ್ ಬಂದ್ ಆದ ಮ್ಯಾಲ ಹೆಂಗಾದವು ಅಂತ ಹಿರಿಯರ ಬಾಯಾಗ ಕೇಳೇವಿ. ಕೆಲಸ ಹೋದ ಊರಿಗೆ ಕಂಪನಿಯವರು ಬಂದು ನಾವು ಹೊಸ ನಗರ ಕಟ್ತೇವಿ, ಪೊಲೀಸ್ನೂ ನಾವ ನಡಸ್ತೇವಿ ಅಂದ್ರ ಮಂದಿ ಯಾಕ ಹೂಂ ಅಂತಾರ ಅನ್ನೋದು ಊರು ತೋರಿಸಿದ್ರ ಅಷ್ಟ ಅರ್ಥ ಆಗ್ತೈತಿ.

ಕಡೀ ಸೀನ್ ಹೋಲಿಸ್ರಿ. ಹಳೇ ರೋಬೋಕಾಪ್‌ನ ತಲ್ಯಾಗ ಮೂರು ನಿಯಮ ಅದಾವು, ಮಂದಿ ನಂಬಿಕಿ ಉಳಿಸು, ಅಮಾಯಕರನ್ನ ಕಾಯಿ, ಕಾನೂನು ಎತ್ತಿ ಹಿಡಿ. ನಾಲ್ಕನೇದು ಗುಪ್ತ, ಕಂಪನಿಯ ದೊಡ್ಡ ಅಧಿಕಾರಿಗೋಳನ್ನ ಹಿಡಿಯಂಗಿಲ್ಲ. ಕಂಪನಿಯ ದೊಡ್ಡ ಅಧಿಕಾರಿನೂ ಕೊಲೆಗಾರನೂ ಆದ ಡಿಕ್ ಜೋನ್ಸ್ ಎದುರಿಗೆ ನಿಂತಾನ, ಯಜಮಾನನ್ನ ಒತ್ತೆ ಹಿಡದಾನ, ರೋಬೋಕಾಪ್ ಕೈ ಏಳೂದಿಲ್ಲ. ಆವಾಗ ಯಜಮಾನ ಜೋನ್ಸ್‌ನ ಕೆಲಸದಿಂದ ತಗೀತಾನ. ಅಂವ ಇನ್ನ ಅಧಿಕಾರಿ ಅಲ್ಲ, ನಿಯಮ ಹತ್ತೂದಿಲ್ಲ, ಗುಂಡು ಹಾರ್ತೈತಿ. ಮನಸ್ಸಿನ ಬಲ ಗೆಲ್ಲಲಿಲ್ಲ, ಕಂಪನಿಯ ಕಾಗದದ ನಿಯಮ ಕಂಪನಿಯ ಕಾಗದದಿಂದನ ಬಿಚ್ಚಿತು. ಬರೆದ ಎಡ್ವರ್ಡ್ ನ್ಯೂಮೈಯರ್, ಮೈಕಲ್ ಮೈನರ್ ಇಬ್ಬರಿಗೂ ದೊಡ್ಡ ನಮಸ್ಕಾರ. ಹೊಸಾದರಾಗೂ ಇದ ನಿಯಮ, ಸೆಲ್ಲರ್ಸ್ ಕೈಗೆ ಒಂದು ಕೆಂಪು ಪಟ್ಟಿ ಐತಿ, ಅದು ಇದ್ದವರಿಗೆ ಮರ್ಫಿ ಹೊಡಿಯಂಗಿಲ್ಲ. ಏನ ಮಾಡ್ತಾನ? ಕೈ ನಡುಗಿಸಿ, ಹಲ್ಲು ಕಡದು, ಮನಸ್ಸು ಗಟ್ಟಿ ಮಾಡಿ ಹೊಡೀತಾನ. ಹಂಗಾದ್ರ ಒಂದೂವರೆ ತಾಸು ನಮಗ ಹೇಳಿದ ಆ ಸಾಫ್ಟ್‌ವೇರಿನ ಮಾತು ಎಲ್ಲಿಗೆ ಹೋತು? ಇಲ್ಲಿ ರೋಬೋಟಿಕ್ಸ್ ಹುಡುಗ ತಾನ ಸುಮ್ಮನಾದ, ಇದು ಮೋಸ ಅಂದ.

ರೊಕ್ಕದ ಲೆಕ್ಕ ನೋಡಿದ್ರ ಹಳೇದಕ್ಕ ಸುಮಾರು 1 ಕೋಟಿ 30 ಲಕ್ಷ ಡಾಲರ್ ಖರ್ಚು, ಅಮೆರಿಕಾದಾಗ ಸುಮಾರು 5 ಕೋಟಿ 30 ಲಕ್ಷ ಬಂತು. ಹೊಸಾದಕ್ಕ 10 ಕೋಟಿ ಮ್ಯಾಲ ಖರ್ಚು, ಜಗತ್ತಿನ್ಯಾಗ ಎಲ್ಲಾ ಸೇರಿ 24 ಕೋಟಿ ಬಂತು, ಅಮೆರಿಕಾದಾಗ ಮಾತ್ರ 6 ಕೋಟಿನೂ ದಾಟಲಿಲ್ಲ. ಅಂಥಾ ರೊಕ್ಕ ಹಾಕಿದವರು ಅಂಜೋದು ಸಹಜ, ಪರದೆ ಮ್ಯಾಲ ಆ ಅಂಜಿಕಿ ಕಾಣಸ್ತೈತಿ.

ರಿಮೇಕ್ ಅಂದ್ರ ಹಿಂಗ ಅಂತ ತಿಳ್ಕೋಬ್ಯಾಡ್ರಿ. ವೆರ್ಹೋವನ್‌ನ ಇನ್ನೊಂದು ಸಿನಿಮಾ ಟೋಟಲ್ ರಿಕಾಲ್, 1990ರದ್ದು, ಅದನ್ನೂ 2012ರಾಗ ಮತ್ತ ಮಾಡಿದ್ರು, ಮಂಗಳ ಗ್ರಹನ ತಗದು ಹಾಕಿದ್ರು, ಭೂಮಿ ನಡುವ ತೂತು ಕೊರದು ಲಿಫ್ಟ್ ಓಡಿಸಿದ್ರು, ಅದು ಮಾತ್ರ ನೋಡೋ ಅವಶ್ಯ ಇಲ್ಲ. ಆದ್ರ ಅದ ವರ್ಷ ಬಂದ ಡ್ರೆಡ್ ನೋಡ್ರಿ. 1995ರ ಜಡ್ಜ್ ಡ್ರೆಡ್‌ನ್ಯಾಗ ಸ್ಟಲ್ಲೋನ್ ಬೇಗ ಹೆಲ್ಮೆಟ್ ತಗದು ಮಾರಿ ತೋರಸ್ತಾನ, 2012ರದರಾಗ ಕಾರ್ಲ್ ಅರ್ಬನ್ ಕಡೀತನಕ ತಗಿಯೂದಿಲ್ಲ, 200 ಮಾಳಿಗಿಯ ಒಂದ ಬಿಲ್ಡಿಂಗು, ಒಂದ ದಿನದ ಕತಿ, ದೊಡ್ಡವರಿಗೆ ಅಂತನ ಮಾಡಿದ್ದು, ಕತ್ತರಿಗೆ ಅಂಜಿಲ್ಲ. ಥಿಯೇಟರಿನ್ಯಾಗ ಓಡಲಿಲ್ಲ, ಆದ್ರ ಹಳೇದಕ್ಕಿಂತ ಎಷ್ಟೋ ಪಾಲು ಮ್ಯಾಲ.

ರೋಬೋಕಾಪ್ ಎರಡೂ ನೋಡೋರಿದ್ರ ಹಳೇದ ಮೊದಲ ನೋಡ್ರಿ, 1 ತಾಸು 43 ನಿಮಿಷದ್ದು, ಸಣ್ಣ ಹುಡುಗೂರನ್ನ ಹತ್ರ ಕುಂಡ್ರಿಸ್ಕೋಬ್ಯಾಡ್ರಿ. ನಡುವ ನಡುವ ಬರೋ ಸುಳ್ಳು ಜಾಹೀರಾತು, ನ್ಯೂಸ್ ಎಲ್ಲಾ ಓಡಿಸದ ನೋಡ್ರಿ, ಬಟನ್ ಒತ್ತಿ ಮುಂದ ಹಾಕಿದ್ರ ಅರ್ಧ ಸಿನಿಮಾ ಹೋದಂಗ. ಮರುದಿನ ಹೊಸಾದು ಹಾಕ್ರಿ, ಟೆಹ್ರಾನ್ ಸೀನ್, ಲ್ಯಾಬಿನ ಸೀನ್, ಓಲ್ಡ್‌ಮನ್‌ನ ನಟನೆ ಈ ಮೂರಕ್ಕ. ಅವಸರ ಇದ್ದೋರು ಬರೇ ಒಂದು ತಾಸು ನೋಡಿ ಬಿಟ್ರೂ ನಡೀತೈತಿ, ಛಲೋದೆಲ್ಲಾ ಅಷ್ಟರಾಗ ಬಂದಿರ್ತೈತಿ.